ಕಲ್ಪಿತ ದೇಶದ ಶಾಸನಸಭೆಯಲ್ಲಿ ಯಾರಿಗೂ ಬಹುಮತವಿಲ್ಲ: ಸರ್ಕಾರ ನಿಲ್ಲುವುದು ಹೇಗೆ?

ಪ್ರಶ್ನೆ

ಬರೆಯುತ್ತಿರುವ ಕಾದಂಬರಿಗಾಗಿ ಮೂರು ದ್ವೀಪಗಳ ಒಂದು ದೇಶವನ್ನು ಕಟ್ಟಿಕೊಂಡಿದ್ದೇನೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ, ಆದರೆ ಸಂವಿಧಾನ ಬಹುಮಟ್ಟಿಗೆ ಸಿದ್ಧವಾಗಿದೆ. ರಾಣಿ ಹೆಸರಿಗಷ್ಟೇ ರಾಷ್ಟ್ರದ ಮುಖ್ಯಸ್ಥೆ; ಆಡಳಿತ ನಡೆಸುವುದು ಪ್ರಧಾನಿ ಮತ್ತು ಆತನ ಸಂಪುಟ. ಮತಗಳು ಸಮಸಮವಾಗಬಾರದೆಂದು ಶಾಸನಸಭೆಗೆ ಬೇಕೆಂದೇ ಬೆಸಸಂಖ್ಯೆಯನ್ನು, ಅಂದರೆ 61 ಸ್ಥಾನಗಳನ್ನು, ಇಟ್ಟಿದ್ದೇನೆ. ಕಥೆ ಆರಂಭವಾಗುವ ಹೊತ್ತಿಗೆ ಚುನಾವಣೆ ಮುಗಿದಿದ್ದು, ಬಂದರಿನ ವರ್ತಕರ ಪಕ್ಷಕ್ಕೆ 24, ಒಳನಾಡಿನ ರೈತರ ಪಕ್ಷಕ್ಕೆ 23, ಮೀನುಗಾರರ ಪಕ್ಷಕ್ಕೆ 14 ಸ್ಥಾನಗಳು ಬಂದಿವೆ. ಮೊದಲ ಎರಡು ಪಕ್ಷಗಳದು ಹಾವು ಮುಂಗುಸಿಯ ಸಂಬಂಧ. ಮೂರನೆಯದು ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ನಿಸ್ಸೀಮ.

ಈ ಲೆಕ್ಕದಲ್ಲಿ ತಿಂಗಳಿಗೊಂದು ಸರ್ಕಾರ ಬೀಳುತ್ತದೆ ಮತ್ತು ಕಥೆ ಮುಂದೆ ಸಾಗುವುದಿಲ್ಲ. ಅದಕ್ಕಾಗಿ, ಪ್ರಧಾನಿ ಅಧಿಕಾರ ವಹಿಸಿಕೊಂಡ ಎರಡು ವರ್ಷಗಳವರೆಗೆ ಅವಿಶ್ವಾಸ ನಿರ್ಣಯ ಮಂಡಿಸುವಂತಿಲ್ಲ ಎಂಬ ವಿಧಿಯೊಂದನ್ನು ಸೇರಿಸಹೊರಟೆ. ಆದರೆ ಆಗ ಆತ ಎರಡು ವರ್ಷ ನಿರಂಕುಶನಾಗಿಬಿಡುತ್ತಾನಲ್ಲ ಎಂಬ ಅಳುಕು ಹುಟ್ಟಿತು. ಸರ್ಕಾರವೂ ನಿಲ್ಲಬೇಕು, ಸಭೆಯ ಹಿಡಿತವೂ ತಪ್ಪಬಾರದು. ಇದಕ್ಕೆ ದಾರಿ ಇದೆಯೇ?

ಉತ್ತರ 1

ಮೊದಲು ನಿಮ್ಮ ಬೆಸಸಂಖ್ಯೆಯನ್ನೇ ನೋಡೋಣ. ಸಭೆ ನಡೆಸಲು ಒಬ್ಬ ಸಭಾಧ್ಯಕ್ಷ ಬೇಕು, ಆತ ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಆತ ವರ್ತಕರ ಪಕ್ಷದವನಾದರೆ ಉಳಿಯುವುದು 23, 23 ಮತ್ತು 14. ಮೀನುಗಾರರು ತಟಸ್ಥರಾಗಿ ಕುಳಿತ ದಿನ ಮತಗಳು ಸಮಸಮವಾಗಿ, ಇಡೀ ದೇಶ ಸಭಾಧ್ಯಕ್ಷನ ಒಂದು ನಿರ್ಣಾಯಕ ಮತದ ಮೇಲೆ ನಿಲ್ಲುತ್ತದೆ. ನೀವು ಮುಚ್ಚಿದೆನೆಂದುಕೊಂಡ ಬಾಗಿಲು ತೆರೆದೇ ಇದೆ.

ಸ್ವೀಡನ್ನಿನಲ್ಲಿ 350 ಸ್ಥಾನಗಳಿದ್ದಾಗ, 1973ರ ಚುನಾವಣೆಯಲ್ಲಿ ಎರಡು ಬಣಗಳಿಗೂ ತಲಾ 175 ಬಂದು, ಮುಂದಿನ ಮೂರು ವರ್ಷ ಎಷ್ಟೋ ವಿಷಯಗಳನ್ನು ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. ಜನ ಅದನ್ನು ಲಾಟರಿ ಸಂಸತ್ತು ಎಂದೇ ಕರೆದರು. 1976ರ ಚುನಾವಣೆಯಿಂದ ಸ್ಥಾನಗಳನ್ನು 349ಕ್ಕೆ ಇಳಿಸಲಾಯಿತು. ಬ್ರಿಟನ್ನಿನಲ್ಲಿ ಚೀಟಿ ಇಲ್ಲ, ಸಂಪ್ರದಾಯವಿದೆ: ಮತ ಸಮವಾದಾಗ ಸ್ಪೀಕರ್, ಅಂದರೆ ಅಲ್ಲಿನ ಸಭಾಧ್ಯಕ್ಷರು, ತಾವಾಗಿ ಇಲ್ಲದ ಬಹುಮತವನ್ನು ಹುಟ್ಟಿಸುವುದಿಲ್ಲ, ಇದ್ದುದು ಇದ್ದಂತೆ ಉಳಿಯುವ ಕಡೆಗೆ ಮತ ಹಾಕುತ್ತಾರೆ. ಇದನ್ನು ನಿಮ್ಮ ಸಭೆಗೆ ಅನ್ವಯಿಸಿದರೆ, ಅವಿಶ್ವಾಸ ನಿರ್ಣಯ ಸಮಸಮವಾದಾಗ ಸಭಾಧ್ಯಕ್ಷನ ಮತದಿಂದ ಸರ್ಕಾರ ಉಳಿಯುತ್ತದೆ. ಮರುವಾರ ಬಜೆಟ್‌ನ ಅಂತಿಮ ಮತದಾನ ಸಮಸಮವಾದಾಗ ಅದೇ ತತ್ತ್ವದಂತೆ ಬಜೆಟ್ ಬಿದ್ದುಹೋಗುತ್ತದೆ. ಕಾದಂಬರಿಕಾರನಿಗೆ ಇದಕ್ಕಿಂತ ಇನ್ನೇನು ಬೇಕು?

ಉತ್ತರ 2

ಎರಡು ವರ್ಷಗಳ ನಿಷೇಧಕ್ಕಿಂತ ಜರ್ಮನಿಯ ಮೂಲ ಕಾನೂನಿನ (ಅಂದರೆ ಸಂವಿಧಾನದ) 67ನೆಯ ವಿಧಿ ನಿಮಗೆ ಹೊಂದುತ್ತದೆ. ಅದರ ಪ್ರಕಾರ, ಉತ್ತರಾಧಿಕಾರಿಯನ್ನು ಸಂಸತ್ತು ತನ್ನ ಒಟ್ಟು ಸದಸ್ಯಬಲದ ಬಹುಮತದಿಂದ ಆರಿಸಿದರೆ ಮಾತ್ರ ಅಧಿಕಾರದಲ್ಲಿರುವ ಚಾನ್ಸಲರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥರು, ಇಳಿಯುತ್ತಾರೆ. ಇದನ್ನು ರಚನಾತ್ಮಕ ಅವಿಶ್ವಾಸ ನಿರ್ಣಯ ಎನ್ನುತ್ತಾರೆ. ಕೆಡವುವುದಕ್ಕಾಗಿ ಒಂದಾಗಿ, ಕಟ್ಟುವಾಗ ಬೇರೆಯಾಗುವವರನ್ನು ತಡೆಯುವುದೇ ಇದರ ಉದ್ದೇಶ. ಹಿಟ್ಲರ್‌ಗಿಂತ ಮುಂಚೆ ಜರ್ಮನಿಯಲ್ಲಿದ್ದ ವೈಮರ್ ಗಣರಾಜ್ಯದ ಕಹಿ ಅನುಭವದಿಂದ ಕಲಿತ ಪಾಠ ಅದು. ನಿಮ್ಮ ದೇಶದಲ್ಲಿ ಇದಕ್ಕೆ 31 ಮತಗಳು ಬೇಕು. ವರ್ತಕರೂ ರೈತರೂ ಕೈಜೋಡಿಸುವುದು ಕನಸಿನ ಮಾತಾದ್ದರಿಂದ, ಮೀನುಗಾರರು ಬಹಿರಂಗವಾಗಿ ಪಕ್ಕ ಬದಲಿಸದ ಹೊರತು ಸರ್ಕಾರ ಬೀಳುವುದಿಲ್ಲ. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಷ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಹೀಗೆಯೇ: ನಡುವಿನ ಸಣ್ಣ ಪಕ್ಷ ತನ್ನ ಮಿತ್ರನನ್ನು ಬದಲಿಸಿತು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. 1972ರ ಏಪ್ರಿಲ್ 27ರಂದು ಆಗಿನ ಚಾನ್ಸಲರ್ ವಿಲ್ಲಿ ಬ್ರಾಂಟ್ ಅವರನ್ನು ಇಳಿಸಲು 249 ಮತಗಳು ಬೇಕಿದ್ದವು, ಬಂದದ್ದು 247. ಮರುದಿನ ಅದೇ ಬ್ರಾಂಟ್ ಅವರ ಬಜೆಟ್‌ನ ಒಂದು ಭಾಗ 247–247ರಲ್ಲಿ ಸೋತಿತು. ಇಳಿಸುವಷ್ಟು ಬಲ ವಿರೋಧ ಪಕ್ಷಕ್ಕಿರಲಿಲ್ಲ, ನಡೆಸುವಷ್ಟು ಬಲ ಸರ್ಕಾರಕ್ಕಿರಲಿಲ್ಲ. ಕೊನೆಗೆ ಆ ವರ್ಷವೇ ಅವಧಿಗೆ ಮುನ್ನ ಚುನಾವಣೆ ನಡೆಸಬೇಕಾಯಿತು. ಆದ್ದರಿಂದ ವಿಸರ್ಜನೆಯ ಅಧಿಕಾರ ಯಾರ ಕೈಯಲ್ಲಿದೆ, ಯಾವ ಸಂದರ್ಭದಲ್ಲಿ ಅದನ್ನು ಬಳಸಬಹುದು ಎಂಬುದನ್ನು ಬರೆಯದೆ ಈ ವಿಧಿಯೊಂದನ್ನೇ ತಂದು ಅಂಟಿಸಬೇಡಿ.

ಉತ್ತರ 3

ಮೇಲಿನ ಇಬ್ಬರೂ ಬಜೆಟ್‌ನ ಹೊಸ್ತಿಲವರೆಗೆ ಬಂದು ನಿಂತಿದ್ದಾರೆ. ನನ್ನ ದೃಷ್ಟಿಯಲ್ಲಿ ಅಸಲು ಪ್ರಶ್ನೆ ಇರುವುದೇ ಅಲ್ಲಿ: ಬಜೆಟ್ ಅಂಗೀಕಾರವಾಗದೆ ಹೊಸ ಆರ್ಥಿಕ ವರ್ಷ ಆರಂಭವಾದ ಬೆಳಿಗ್ಗೆ, ಬಂದರಿನ ಸುಂಕದ ಕಟ್ಟೆಯ ಗುಮಾಸ್ತ ಹಣ ವಸೂಲು ಮಾಡಬಹುದೇ? ಮಾಡಿದರೆ, ಅದರಿಂದ ಸಿಪಾಯಿಗೆ ಸಂಬಳ ಕೊಡಬಹುದೇ? ನಿಮ್ಮ ಸಂವಿಧಾನ ಇದಕ್ಕೆ ಉತ್ತರಿಸದಿದ್ದರೆ, ಅಧಿಕಾರದಲ್ಲಿ ಇರುವವನೇ ತನಗೆ ಬೇಕಾದಂತೆ ಉತ್ತರಿಸಿಕೊಳ್ಳುತ್ತಾನೆ.

ಜರ್ಮನಿ ಒಂದಾಗುವ ಮುನ್ನ ಅಲ್ಲಿದ್ದ ಪ್ರಷ್ಯಾ ರಾಜ್ಯದಲ್ಲಿ ಆದದ್ದು ಅದೇ. ಸೈನ್ಯದ ಖರ್ಚಿನ ವಿಷಯದಲ್ಲಿ ಕೆಳಮನೆ ಒಪ್ಪದಿದ್ದಾಗ, ಅರಸನಿಗೂ ಸಭೆಗೂ ಒಮ್ಮತವಾಗದಿದ್ದರೆ ಏನು ಮಾಡಬೇಕೆಂದು ಸಂವಿಧಾನ ಹೇಳಿಲ್ಲ, ಹೇಳದ ಕಡೆ ಅರಸನ ಸರ್ಕಾರವೇ ಕೆಲಸ ಮುಂದುವರಿಸಬೇಕು ಎಂದು ವಾದಿಸಿದ ಪ್ರಧಾನಿ ಬಿಸ್ಮಾರ್ಕ್, 1862ರಿಂದ 1866ರವರೆಗೆ ಅನುಮೋದನೆಯಿಲ್ಲದೆಯೇ ತೆರಿಗೆ ಎತ್ತಿದ, ಖರ್ಚು ಮಾಡಿದ. ಯುದ್ಧ ಗೆದ್ದು ಬಂದ ಮೇಲೆ ಅದೇ ಸಭೆ ಹಿಂದಿನದೆಲ್ಲವನ್ನೂ ಮನ್ನಿಸಿ ಮಸೂದೆ ಅಂಗೀಕರಿಸಿತು. ನೀವು ಅಳುಕುತ್ತಿರುವ ನಿರಂಕುಶತೆ ಅವಿಶ್ವಾಸದ ವಿಧಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಇಂಥ ಖಾಲಿ ಜಾಗದಿಂದ ಬರುತ್ತದೆ. ಸ್ಪೇನಿನ ಸಂವಿಧಾನದಲ್ಲಿ ಇದಕ್ಕೊಂದು ಸರಳ ಉಪಾಯವಿದೆ: ಹೊಸ ಬಜೆಟ್ ಒಪ್ಪಿಗೆಯಾಗುವವರೆಗೆ ಹಳೆಯದೇ ತಾನಾಗಿ ಮುಂದುವರಿಯುತ್ತದೆ. ದೇಶ ನಿಲ್ಲುವುದಿಲ್ಲ, ಆದರೆ ಪ್ರಧಾನಿಗೆ ಹೊಸ ಯೋಜನೆಗೆಂದು ಬಿಡಿಗಾಸೂ ದಕ್ಕುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸಭಾಧ್ಯಕ್ಷನನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷಗಳ ನಿಷೇಧವನ್ನು ಕೈಬಿಟ್ಟು, ರಚನಾತ್ಮಕ ಅವಿಶ್ವಾಸವನ್ನೂ ಹಳೆಯ ಬಜೆಟ್ ಮುಂದುವರಿಯುವ ನಿಯಮವನ್ನೂ ಸೇರಿಸುತ್ತೇನೆ. ಆದರೆ ಮೊತ್ತಮೊದಲ ಪ್ರಧಾನಿ ಆಯ್ಕೆಯಾಗುವುದು ಹೇಗೆ? ಮೀನುಗಾರರು ಆಗಲೂ ತಟಸ್ಥರಾದರೆ ಯಾರಿಗೂ 31 ಬರುವುದಿಲ್ಲ. ರಾಣಿಯೇ ಒಬ್ಬರನ್ನು ಆರಿಸಲಿ ಎಂದರೆ ತಪ್ಪಾದೀತೇ?

ಉತ್ತರ 1 ಬರೆದವರಿಂದ

ತಪ್ಪೇನಲ್ಲ, ಆದರೆ ಆಗ ರಾಣಿ ಹೆಸರಿಗಷ್ಟೇ ಮುಖ್ಯಸ್ಥೆಯಾಗಿ ಉಳಿಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಹುದ್ದೆಯೂ ಬರೀ ಅಲಂಕಾರದ್ದೆಂದೇ ಜನ ನಂಬಿದ್ದರು. ಮೇಲ್ಮನೆ ಬಜೆಟ್ ತಡೆಹಿಡಿದ ಬಿಕ್ಕಟ್ಟಿನಲ್ಲಿ, ಆ ಹುದ್ದೆಯಲ್ಲಿದ್ದ ಜಾನ್ ಕೆರ್ ಅವರು 1975ರ ನವೆಂಬರ್ 11ರಂದು ಪ್ರಧಾನಿ ಗೌಫ್ ವಿಟ್ಲಮ್ ಅವರನ್ನೇ ವಜಾ ಮಾಡಿದರು.

ರಾಣಿಯನ್ನು ಎಳೆದು ತರಲು ಇಷ್ಟವಿಲ್ಲದಿದ್ದರೆ ಸ್ವೀಡನ್ನಿನ ಕ್ರಮವನ್ನು ನೋಡಿ. ಅಲ್ಲಿ ಪ್ರಧಾನಿ ಅಭ್ಯರ್ಥಿಗೆ ಬಹುಮತ ಬೇಕಿಲ್ಲ, ಬಹುಮತ ವಿರುದ್ಧವಾಗಿರದಿದ್ದರೆ ಸಾಕು. ಮಗ್ದಲೇನಾ ಆಂಡರ್ಸನ್ ಅವರನ್ನು 2021ರ ನವೆಂಬರ್ 24ರಂದು ಬೆಂಬಲಿಸಿದವರು 117, ವಿರೋಧಿಸಿದವರು 174; ತಡೆಯಲು 175 ಬೇಕಿದ್ದುದರಿಂದ ಅವರು ಆಯ್ಕೆಯಾದರು. ಅದೇ ದಿನ ವಿರೋಧ ಪಕ್ಷಗಳ ಬಜೆಟ್ ಅಂಗೀಕಾರವಾಗಿ, ಮಿತ್ರಪಕ್ಷ ಸರ್ಕಾರದಿಂದ ಹೊರನಡೆದು, ಕೆಲವೇ ಗಂಟೆಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಐದು ದಿನಗಳ ನಂತರ ಮತ್ತೆ ಆಯ್ಕೆಯಾದರು. ನಿಮ್ಮಲ್ಲಿ ಈ ನಿಯಮವಿದ್ದರೆ ವರ್ತಕರ ನಾಯಕನನ್ನು ತಡೆಯಲು ರೈತರ 23 ಮತಗಳು ಸಾಲವು. ಆತ 14 ಮಂದಿಯ ಮೌನದ ಮೇಲೆ ಪ್ರಧಾನಿಯಾಗುತ್ತಾನೆ, ಮತ್ತು ಆ ಮೌನಕ್ಕೆ ಮೀನುಗಾರರು ಎಷ್ಟು ಬೆಲೆ ಕಟ್ಟುತ್ತಾರೆಂಬುದನ್ನು ನೀವೇ ಬರೆಯಬೇಕು.