ಸಹಾಯ ಬೇಕು: ಅತ್ತಿಗೆ ಮನೆಯ ಹಳೇ ತೊಟ್ಟಿಲು ತಗೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ನನಗೀಗ ಎಂಟನೇ ತಿಂಗಳು. ಶಿವಮೊಗ್ಗದ ಅತ್ತಿಗೆ ತಮ್ಮ ಮಕ್ಕಳು ಮಲಗಿದ್ದ ಮರದ ತೊಟ್ಟಿಲು, ಹಾಸಿಗೆ ಎರಡನ್ನೂ ಕೊಡ್ತೀನಿ ಅಂತಿದ್ದಾರೆ. ನನಗೂ ಅದೇ ತೊಟ್ಟಿಲಲ್ಲಿ ನಾಮಕರಣ ಮಾಡೋ ಆಸೆ. ಹಾಸಿಗೆ ಮಾತ್ರ ಹೊಸದು, ಗಟ್ಟಿಯಾದದ್ದೇ ತಗೋತೀವಿ.

ಚಿಂತೆ ಇರೋದು ಬಣ್ಣದ್ದು. ಬಳಿದದ್ದು 2010ರ ಸುಮಾರಿಗಂತೆ. ಬಣ್ಣದಲ್ಲಿ ಸೀಸ (ಲೆಡ್ ಅನ್ನೋ ವಿಷಕಾರಿ ಲೋಹ) 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರಲ್ಲಿ. ಹಲ್ಲು ಬರುವಾಗ ಮಗು ಅಂಚು ಕಚ್ಚದೇ ಇರುತ್ತಾ? ಮನೆಯಲ್ಲೇ ಉಜ್ಜಿ ತೆಗೆಯೋಣ ಅಂದ್ರೆ ಆ ಧೂಳೇ ಅಪಾಯ. ಸರಳುಗಳ ನಡುವಿನ ಸಂದು 6 ಸೆಂ.ಮೀ. ಒಳಗಿರಬೇಕು, ಅದರ ಅಳತೆ ಕೇಳಿದ್ದೇನೆ.

ಬೆಂಗಳೂರಲ್ಲಿ ಬಣ್ಣದ ಸೀಸ ಪರೀಕ್ಷೆ ಮಾಡಿಕೊಡೋ ಲ್ಯಾಬ್ ಯಾರಿಗಾದರೂ ಗೊತ್ತಾ? ಹಳೇ ಬಣ್ಣ ತೆಗೆಸಿದವರು ಹೇಗೆ ಮಾಡಿಸಿದಿರಿ? ಬೇಡ ಅನ್ನೋದೇ ಆದರೆ, ಅತ್ತಿಗೆ ಮನಸ್ಸಿಗೆ ನೋವಾಗದ ಹಾಗೆ ಹೇಗೆ ಹೇಳಲಿ?