ಶಾಸಕರ ಸಾಧನೆ ಪುಸ್ತಕ ಬಂತು, ಮನೆ ಗ್ರೂಪಲ್ಲಿ ಜಗಳ ಹತ್ತಿತು

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಶನಿವಾರ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಪಿಡಿಎಫ್ ಹಾಕಿದರು. ಶಾಸಕರ ಹೆಸರು ಇಲ್ಲಿ ಬೇಡ. ಅದರಲ್ಲಿ ಅವರ ಫೋಟೋ ಪುಟಕ್ಕೆ ಎರಡಿತ್ತು. ಮುಂದಿನದು ನಡೆದ ಹಾಗೇ.

ದೊಡ್ಡಪ್ಪ: 📄 ‘ವಿಧಾನಸೌಧದಿಂದ ಮನೆ ಬಾಗಿಲಿಗೆ’. ಎಲ್ರೂ ಓದಿ. ಕೆಲ್ಸ ಮಾಡೋರು ಅಂದ್ರೆ ಹಿಂಗಿರ್ಬೇಕು. ಬೆಂಗ್ಳೂರಲ್ಲೂ ಸೈ, ಊರಲ್ಲೂ ಸೈ.

ಚಿಕ್ಕಪ್ಪ: ಅಣ್ಣ, 3ನೇ ಪುಟ ನೋಡಿದ್ಯಾ? ‘ಮನೆ ಮನೆಗೆ ಗಂಗೆ ತಂದ ಭಗೀರಥ’ ಅಂತೆ. ಅದು ಜಲಜೀವನ್ ಮಿಷನ್. 2019ರಲ್ಲಿ ಇಡೀ ದೇಶಕ್ಕೆ ಶುರುವಾಗಿದ್ದು. ದುಡ್ಡು ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಇವರು ಎಲ್ಲಿ ತಪಸ್ಸಿಗೆ ಕೂತಿದ್ರಂತೆ?

ಅತ್ತೆ: ತಲೆಗೆ ದಿನಕ್ಕೆ 55 ಲೀಟರ್ ಅಂತ ಗೋಡೆ ಮೇಲೆ ಬರೆದು ಹೋಗವ್ರೆ. ನಲ್ಲಿ ನೆಟ್ಟವ್ರೆ, ನೀರಿಲ್ಲ. ಸದ್ಯಕ್ಕೆ ಕರು ಕಟ್ಟೋಕೆ ಅನುಕೂಲ ಆಗಿದೆ. ಪೈಪಿಗೆ ಅಂತ ಅಗೆದ ಸಿಸಿ ರಸ್ತೆ ಇನ್ನೂ ಮುಚ್ಚಿಲ್ಲ.

ದೊಡ್ಡಪ್ಪ: ಗುತ್ತಿಗೆದಾರ ಮಾಡಿದ್ದಕ್ಕೆ ಶಾಸಕರು ಏನ್ ಮಾಡೋಕಾಗುತ್ತಮ್ಮ?

ನಾನು: ರಸ್ತೆ ಕಿತ್ರೆ ಗುತ್ತಿಗೆದಾರಂದು, ನಲ್ಲಿ ನೆಟ್ರೆ ಶಾಸಕರದ್ದು. ಇದು ಚೆನ್ನಾಗಿದೆ ದೊಡ್ಡಪ್ಪ.

ದೊಡ್ಡಮ್ಮ: ಎಲ್ರದ್ದೂ ಊಟ ಆಯ್ತಾ?

ದೊಡ್ಡಪ್ಪ: ಸರಿ, ನೀರಿನ ಮಾತು ಬಿಡ್ರಪ್ಪ. ಕೊಬ್ಬರಿಗೆ ಏನಂತೀರಿ? ರೇಟು ನೆಲ ಕಚ್ಚಿದ್ದಾಗ ಬೆಂಬಲ ಬೆಲೆ ಕೊಡಿಸಿದ್ದು ಯಾರು? 5ನೇ ಪುಟ.

ಚಿಕ್ಕಪ್ಪ: ದಿಲ್ಲಿಯವರು! ಬೆಂಬಲ ಬೆಲೆ ಗೊತ್ತು ಮಾಡೋದು ಕೇಂದ್ರ ಸರ್ಕಾರ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ಇತ್ತು. ಖರೀದಿ ಕೇಂದ್ರದ ಪರವಾಗಿ ಕೊಳ್ಳೋ ಸಹಕಾರಿ ಸಂಸ್ಥೆ ನಾಫೆಡ್‌ದು. ಶಾಸಕರಿಗೂ ಅದಕ್ಕೂ ಏನು ಸಂಬಂಧ?

ದೊಡ್ಡಪ್ಪ: ಅದರ ಮೇಲೆ ಕೊಟ್ಟ 1,500? ಅದು ರಾಜ್ಯದ್ದು ತಾನೆ? ತೆಂಗಿನ ಸೀಮೆ ಶಾಸಕರು ಸದನದಲ್ಲಿ ಗಂಟಲು ಹರ್ಕೊಳ್ದೆ ಇದ್ದಿದ್ರೆ ಯಾರು ಕೊಡ್ತಿದ್ರು? ನೀನು ಬೆಂಗ್ಳೂರಲ್ಲಿ ಫ್ಯಾನ್ ಕೆಳಗೆ ಕೂತು ಲೆಕ್ಕ ಹೇಳ್ತೀಯ. ನೋಂದಣಿ ಕೇಂದ್ರದ ಮುಂದೆ ಚಪ್ಪಲಿ ಸಾಲಿಗಿಟ್ಟು ರಾತ್ರಿ ಮಲಗಿದ್ದೋನು ನಾನು. ಆ ನೋಂದಣೀನೂ ರದ್ದಾಗಿ, ಮತ್ತೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದೆ.

ಚಿಕ್ಕಪ್ಪ: ಕೋಪ ಮಾಡ್ಕೋಬೇಡ ಅಣ್ಣ. 1,500ರ ಮಾತು ಒಪ್ಪಿದೆ.

ನಾನು: ನಾನೂ ಒಪ್ತೀನಿ. ಶಾಸಕರನ್ನ ಬೆಂಗಳೂರಿಗೆ ಕಳಿಸಿದ್ದು ಆ ಕೆಲ್ಸಕ್ಕೇ. ಆದ್ರೆ ಪುಸ್ತಕದಲ್ಲಿ ಆ 1,500ಕ್ಕೆ ಒಂದು ಸಾಲು, ಹೈಮಾಸ್ಟ್ ದೀಪಕ್ಕೆ ನಾಲ್ಕು ಪುಟ!

ಭಾವ: ಹೈಮಾಸ್ಟು, ಬಸ್ ತಂಗುದಾಣ ಎಲ್ಲ ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ವರ್ಷಕ್ಕೆ 2 ಕೋಟಿ. ಯಾರು ಗೆದ್ರೂ ಬರುತ್ತೆ, ದುಡ್ಡು ಬಿಡುಗಡೆ ಮಾಡೋದು ಡಿಸಿ. ನಮ್ಮ ಗೇಟಿನ ತಂಗುದಾಣದಲ್ಲಿ ಊರಿನ ಹೆಸರಿಗಿಂತ ಇವರ ಹೆಸರೇ ದಪ್ಪ. ಹೊಸಬ ಕಂಡಕ್ಟರ್ ಅದನ್ನೇ ಸ್ಟಾಪ್ ಅಂತ ಕೂಗಿದ್ರೂ ಆಶ್ಚರ್ಯ ಇಲ್ಲ.

ತಂಗಿ: 2025ರ ಮಾರ್ಚಲ್ಲಿ ಸಂಬಳ 40,000ದಿಂದ 80,000 ಮಾಡ್ಕೊಂಡ್ರಲ್ಲ, ಅದು ಯಾವ ಪುಟ?

ಚಿಕ್ಕಪ್ಪ: ಗದ್ದಲದ ಮಧ್ಯೆ ಚರ್ಚೆನೇ ಇಲ್ದೆ ಪಾಸಾಯ್ತು ಅದು. ವರ್ಷಕ್ಕೆ 60 ದಿನ ಸದನ ಸೇರ್ಬೇಕು ಅಂತ 2005ರಲ್ಲಿ ಅವರೇ ಕಾಯ್ದೆ ಮಾಡ್ಕೊಂಡವ್ರೆ. ಅಷ್ಟು ದಿನ ಸೇರೋದೇ ಅಪರೂಪ.

ದೊಡ್ಡಪ್ಪ: 🚫 ಈ ಸಂದೇಶವನ್ನು ಅಳಿಸಲಾಗಿದೆ

ತಂಗಿ: ಓದಿಬಿಟ್ಟೆ ದೊಡ್ಡಪ್ಪ 😄

ನಾನು: ಒಂದ್ನಿಮಿಷ ತಡೀರಿ. ವಿಧಾನಸಭೆ ವೆಬ್‌ಸೈಟಲ್ಲಿ ಇವರು ಕೇಳಿರೋ ಪ್ರಶ್ನೆಗಳನ್ನ ಹುಡುಕ್ತಿದ್ದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದ್ರೆ ಬರವಣಿಗೇಲಿ ಮಾತ್ರ ಉತ್ತರ ಕೊಡೋ ಅಂಥದ್ದು, ಒಂದು ಸಿಕ್ತು. ಟೈಪ್ ಮಾಡ್ತೀನಿ:
(ಅ) ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ.
(ಆ) ಬಂದಿದ್ದಲ್ಲಿ, ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು? ಉತ್ತರ: ಹಂತಹಂತವಾಗಿ ಭರ್ತಿ ಮಾಡಲು ಕ್ರಮವಹಿಸಲಾಗುತ್ತಿದೆ.

ಅತ್ತೆ: ನಮ್ಮ ಆಸ್ಪತ್ರೆನಾ? ಇದನ್ನ ಇವರು ಕೇಳಿದ್ರಾ?

ನಾನು: ಹೂಂ ಅತ್ತೆ. ಪುಸ್ತಕವೆಲ್ಲ ತಿರುವಿ ಹಾಕಿದೆ, ಇದರ ಸುದ್ದಿನೇ ಇಲ್ಲ.

ಅತ್ತೆ: ಸೊಸೆಗೆ ನೋವು ಬಂದಾಗ ರಾತ್ರಿ ಎರಡು ಗಂಟೇಲಿ ತುಮಕೂರಿಗೆ ಓಡಿದ್ವಲ್ಲೋ. ಇಲ್ಲಿ ನರ್ಸಮ್ಮ ಬಿಪಿ ನೋಡಿ, ಚೀಟಿ ಬರೆದು, ‘ತಡ ಮಾಡ್ಬೇಡಿ ಹೊರಡಿ’ ಅಂದ್ಳು. ಗೇಟ್ ಹತ್ರ ಹೈಮಾಸ್ಟ್ ದೀಪ ಮಾತ್ರ ಹಗಲಿನಂಗೆ ಉರೀತಿತ್ತು.

ದೊಡ್ಡಪ್ಪ: ನೋಡಿದ್ರಾ? ಕೇಳಿದ್ದಾರೆ ತಾನೆ? ನಾನು ಹೇಳಿದ್ದೂ ಅದನ್ನೇ.

ಚಿಕ್ಕಪ್ಪ: ಕೇಳಿ ಕೈಬಿಟ್ಟವ್ರೆ ಅಣ್ಣ. ಮುಂದಿನ ಅಧಿವೇಶನದಲ್ಲಿ ಗಮನ ಸೆಳೆಯೋ ಸೂಚನೆ ಕೊಡ್ಬಹುದಿತ್ತು. ಅದೂ ಹೋಗ್ಲಿ, ತಾಲ್ಲೂಕಿನ ಇಲಾಖೆಗಳ ಕೆಲ್ಸ ಪರಿಶೀಲಿಸೋ ಕೆಡಿಪಿ ಸಭೆಗೆ ಇವರೇ ಅಧ್ಯಕ್ಷರು. ಆರೋಗ್ಯಾಧಿಕಾರಿ ಎದುರಿಗೇ ಕೂತಿರ್ತಾರೆ.

ನಾನು: ಡಾಕ್ಟರ್ ಬರ್ಲಿಲ್ಲ, ಹಂಗಾಗಿ ಫೋಟೋ ಇಲ್ಲ. ಫೋಟೋ ಇಲ್ಲ, ಹಂಗಾಗಿ ಪುಸ್ತಕದಲ್ಲಿಲ್ಲ. ನನಗೆ ಕೇಳಿದ್ರೆ ಇಡೀ ಪುಸ್ತಕದಲ್ಲಿ ಇರ್ಬೇಕಾಗಿದ್ದದ್ದು ಇದೊಂದೇ. ‘ಕೇಳಿದೆ, ಹಿಂಗಂದ್ರು, ಇನ್ನೂ ಆಗಿಲ್ಲ’ ಅಂತ ಬರೆದಿದ್ರೆ ನಾನೇ ನಾಲ್ಕು ಗ್ರೂಪಿಗೆ ಕಳಿಸ್ತಿದ್ದೆ.

ದೊಡ್ಡಪ್ಪ: ನೀನು ವೋಟೇ ಇಲ್ಲಿಂದ ತೆಗೆಸ್ಕೊಂಡಿದ್ದೀಯ, ನಿನ್ನ ಗ್ರೂಪ್ ಯಾರಿಗೆ ಬೇಕು? ಆ ಉತ್ತರದ ಹಾಳೆ ಕಳ್ಸು ನಂಗೆ. ನಾಳೆ ಸಿಸಿ ರಸ್ತೆ ಗುದ್ದಲಿ ಪೂಜೆಗೆ ಬರ್ತವ್ರೆ.

ಅತ್ತೆ: ಯಾವ ರಸ್ತೆ? ಪೈಪಿಗೆ ಅಗೆದಿದ್ದೇನಾ?

ದೊಡ್ಡಪ್ಪ: ಅದೇ.

ಚಿಕ್ಕಪ್ಪ: ಹಾಳೆನಾ ಹಾರ ಹಾಕೋಕೆ ಮುಂಚೆನೇ ಕೈಗಿಡು ಅಣ್ಣ. ಹಾಕಿದ್ಮೇಲೆ ಕಾರು ಹತ್ತಿಬಿಡ್ತಾರೆ.

ದೊಡ್ಡಮ್ಮ: ಹಾರ ತರೋದು ನಿಮ್ಮಣ್ಣಂದೇ. ಇನ್ನೂರು ರೂಪಾಯಿ ಈಸ್ಕೊಂಡವ್ರೆ.