24 ದಿನದ ಮಗಳು ಪ್ರತಿ ಸಂಜೆ ರಚ್ಚೆ ಹಿಡಿಯುತ್ತಾಳೆ. ನನ್ನ ಹಾಲು ಸಾಲುತ್ತಿಲ್ಲವೇ?

ಪ್ರಶ್ನೆ: ತಿಪಟೂರು ತಾಲ್ಲೂಕಿನಿಂದ ಒಬ್ಬ ಬಾಣಂತಿ

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಮಗು; ಹುಟ್ಟಿ ಇಂದಿಗೆ 24 ದಿನ. ಸಿಸೇರಿಯನ್ ಆಗಿ ಐದನೆಯ ದಿನ ಆಸ್ಪತ್ರೆಯಿಂದ ನೇರವಾಗಿ ತವರುಮನೆಗೆ ಬಂದೆ. ಹುಟ್ಟಿದಾಗ ಮಗಳ ತೂಕ 2.8 ಕಿಲೋ ಇತ್ತು, ಮನೆಗೆ ಕಳುಹಿಸುವ ದಿನ 2.6 ಕಿಲೋ ಇತ್ತು. ಆಮೇಲೆ ತೂಕ ನೋಡಿಸಿಲ್ಲ.

ಮೊದಲ ಎರಡು ವಾರ ಹಾಲು ಕುಡಿಯುವುದು, ಮಲಗುವುದು, ಇಷ್ಟೇ ಇತ್ತು. ಈಗ ಹತ್ತು ದಿನಗಳಿಂದ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳು ಶುರುವಾಗುತ್ತದೆ. ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಅಳುತ್ತಾಳೆ. ಎದೆಗೆ ಹಾಕಿಕೊಂಡರೆ ಎರಡು ನಿಮಿಷ ಚೀಪಿ, ತಲೆ ಹಿಂದಕ್ಕೆ ಎಸೆದು ಬಿಟ್ಟುಬಿಡುತ್ತಾಳೆ; ಬಿಟ್ಟ ಮರುಕ್ಷಣವೇ ಮತ್ತೆ ಬಾಯಿ ತೆರೆದು ಹುಡುಕುತ್ತಾಳೆ. ರಾತ್ರಿ ಹತ್ತೂವರೆ, ಹನ್ನೊಂದರವರೆಗೆ ಇದೇ ನಡೆಯುತ್ತದೆ. ಹಗಲಿನಲ್ಲಿ ಮಾತ್ರ ಯಾವ ತೊಂದರೆಯೂ ಕಾಣುವುದಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮ ದೃಷ್ಟಿ ತೆಗೆಯುತ್ತಾರೆ. ಹುಬ್ಬಳ್ಳಿಯಿಂದ ಅತ್ತೆಯವರು ದಿನವೂ ಫೋನ್ ಮಾಡಿ ಗುಟ್ಟಿ ತೇಯ್ದು ನೆಕ್ಕಿಸಲು ಹೇಳುತ್ತಾರೆ. ಪಕ್ಕದ ಮನೆಯವರು ಮೆಡಿಕಲ್ ಸ್ಟೋರಿನಿಂದ ಹೊಟ್ಟೆನೋವಿನ ಹನಿ ಔಷಧಿಯೊಂದನ್ನು ತಂದುಕೊಟ್ಟಿದ್ದಾರೆ. ಅದನ್ನು ಇನ್ನೂ ತೆರೆದಿಲ್ಲ. ದೊಡ್ಡಮ್ಮ ನನ್ನ ಎದೆಯನ್ನು ಹಿಂಡಿ ನೋಡಿ, ನಾಲ್ಕು ಹನಿ ಬಂದದ್ದನ್ನು ಎಲ್ಲರಿಗೂ ತೋರಿಸಿ, ಕೂಸು ಹಸಿದುಕೊಂಡಿದೆ ಎಂದು ತೀರ್ಮಾನಿಸಿದರು. ನಿನ್ನೆ ರಾತ್ರಿ ಹತ್ತು ಗಂಟೆಗೆ ಹಸುವಿನ ಹಾಲಿಗೆ ಅಷ್ಟೇ ನೀರು ಬೆರೆಸಿ ಒಳಲೆಯಲ್ಲಿ ಹಾಕಿದರು. ಮಗು ಕುಡಿದು ನಾಲ್ಕು ಗಂಟೆ ಒಂದೇ ಸಮನೆ ಮಲಗಿತು. ಅವಳು ಮಲಗಿದ್ದನ್ನು ಕಂಡು ಎಲ್ಲರಿಗೂ ನೆಮ್ಮದಿಯಾಯಿತು. ನಾನು ಮಾತ್ರ ಗೋಡೆಯ ಕಡೆ ತಿರುಗಿ ಅತ್ತೆ. ಇಷ್ಟು ದಿನ ಮಗುವನ್ನು ಉಪವಾಸ ಕೆಡವಿದೆನೇ ಎಂಬ ಸಂಕಟ ಈಗಲೂ ಹೋಗಿಲ್ಲ. ನನ್ನ ಹಾಲು ನಿಜವಾಗಿಯೂ ಸಾಲುತ್ತಿಲ್ಲವೇ? ಪುಡಿ ಹಾಲು ಆರಂಭಿಸಬೇಕೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1: ಶಿವಮೊಗ್ಗದಿಂದ, ಇಬ್ಬರು ಮಕ್ಕಳ ತಾಯಿ

ತಂಗಿ, ನೀವು ಬರೆದದ್ದನ್ನು ಓದುತ್ತಿದ್ದಂತೆ ನನ್ನ ಮೊದಲ ಬಾಣಂತನ ಕಣ್ಣ ಮುಂದೆ ಬಂತು. ನನ್ನ ಹಿರಿಯ ಮಗನೂ ಹೀಗೆಯೇ ಸಂಜೆ ಅಳುತ್ತಿದ್ದ. ನನ್ನ ಎದೆಯನ್ನೂ ಹೀಗೆಯೇ ಹಿಂಡಿ ನೋಡಿದರು. ಮೂವತ್ತನೆಯ ದಿನ ಪುಡಿ ಹಾಲಿನ ಡಬ್ಬಿ ಮನೆಗೆ ಬಂತು. ಮೊದಲು ರಾತ್ರಿ ಒಂದು ಬಾಟಲಿ, ಆಮೇಲೆ ಸಂಜೆ ಒಂದು, ಆಮೇಲೆ ಮಧ್ಯಾಹ್ನ ಒಂದು. ಮಗು ಎದೆ ಚೀಪುವುದು ಕಡಿಮೆಯಾದಷ್ಟೂ ಹಾಲು ಕಡಿಮೆಯಾಗುತ್ತ ಬಂದು, ಎರಡೂವರೆ ತಿಂಗಳಿಗೆ ಪೂರ್ತಿ ಬತ್ತಿತು. ಆಗ ಎಲ್ಲರೂ, ನೋಡು, ಮೊದಲೇ ಹೇಳಿದ್ದೆವಲ್ಲ, ಹಾಲು ಇರಲೇ ಇಲ್ಲ ಎಂದರು. ಹಾಲು ಇತ್ತು. ಮಗು ಚೀಪಿದಷ್ಟು ಮಾತ್ರ ಅದು ಊರುತ್ತದೆ ಎನ್ನುವುದು ನನಗೆ ತಿಳಿದಿರಲಿಲ್ಲ, ಅಷ್ಟೆ.

ಕೈಯಿಂದ ಹಿಂಡಿ ಹಾಲಿನ ಪ್ರಮಾಣವನ್ನು ಅಳೆಯಲು ಬರುವುದಿಲ್ಲ. ಮಗು ಚೀಪಿದಾಗ ತಾಯಿಯ ಮೈಯಲ್ಲಿ ಒಂದು ಹಾರ್ಮೋನು ಬಿಡುಗಡೆಯಾಗಿ ಹಾಲು ಇಳಿದು ಬರುತ್ತದೆ. ನಾಲ್ಕು ಜನ ಸುತ್ತ ನಿಂತು ನೋಡುತ್ತಿರುವಾಗ, ಹೊಲಿಗೆ ನೋಯುತ್ತಿರುವಾಗ, ಮನಸ್ಸು ಹೆದರಿರುವಾಗ ಹಾಗೆ ಇಳಿಯುವುದು ತಡವಾಗುತ್ತದೆ. ನಾಲ್ಕು ಹನಿ ಬಂದದ್ದು ನಿಮ್ಮ ಹೆದರಿಕೆಯ ಅಳತೆಯೇ ಹೊರತು ಹಾಲಿನ ಅಳತೆಯಲ್ಲ.

ಎರಡನೆಯ ಮಗುವಿನ ಹೊತ್ತಿಗೆ ನಾನು ಅಳುವನ್ನು ಲೆಕ್ಕ ಹಾಕುವುದನ್ನು ಬಿಟ್ಟು ಒದ್ದೆ ಬಟ್ಟೆಗಳನ್ನು ಲೆಕ್ಕ ಹಾಕಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ, ಲಂಗೋಟಿ ಒದ್ದೆಯಾದಾಗಲೆಲ್ಲ ಪೆನ್ಸಿಲಿನಿಂದ ಒಂದು ಗೆರೆ. ಸಂಜೆ ಎಷ್ಟೇ ಅತ್ತರೂ ದಿನಕ್ಕೆ ಎಂಟು, ಒಂಬತ್ತು ಗೆರೆ ಬೀಳುತ್ತಿದ್ದವು. ಯಾರು ಏನೇ ಹೇಳಲಿ, ನಾನು ಆ ಚೌಕವನ್ನು ತೋರಿಸುತ್ತಿದ್ದೆ. ನೀವೂ ಇಂದಿನಿಂದಲೇ ಬರೆಯಿರಿ. ಇನ್ನೊಂದು ಮಾತು: ಬಾಣಂತಿಗೆ ನೀರು ಕೊಡಬಾರದು ಎಂದು ನಿಮ್ಮಲ್ಲಿಯೂ ಲೋಟ ಅಳೆದು ಕೊಡುತ್ತಿದ್ದರೆ, ಬಿಸಿನೀರನ್ನಾದರೂ ಬಾಯಾರಿದಷ್ಟು ಕೇಳಿ ಕುಡಿಯಿರಿ.

ಉತ್ತರ 2: ಮೈಸೂರಿನಿಂದ, ನವಜಾತ ಶಿಶುಗಳ ವಾರ್ಡಿನಲ್ಲಿದ್ದ ನಿವೃತ್ತ ಶುಶ್ರೂಷಕಿ

ಮೇಲಿನ ಸಹೋದರಿ ಹೇಳಿದ್ದು ಸರಿಯಾಗಿದೆ. ಅದಕ್ಕೆ ಕೆಲವು ಅಂಕಿಗಳನ್ನು ಸೇರಿಸುತ್ತೇನೆ, ಏಕೆಂದರೆ ಮನೆಯಲ್ಲಿ ಹಿರಿಯರ ಮುಂದೆ ನಿಂತು ಮಾತನಾಡುವಾಗ ಅಂಕಿ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ.

ಐದಾರು ದಿನ ದಾಟಿದ ಮಗು ಎದೆಹಾಲನ್ನಷ್ಟೇ ಕುಡಿದು ದಿನಕ್ಕೆ ಆರು ಬಾರಿಗಿಂತ ಕಡಿಮೆಯಿಲ್ಲದಂತೆ, ಬಣ್ಣವಿಲ್ಲದ ಅಥವಾ ತಿಳಿಹಳದಿ ಮೂತ್ರ ಮಾಡುತ್ತಿದ್ದರೆ ಅದಕ್ಕೆ ಹಾಲು ಸಿಗುತ್ತಿದೆ ಎಂದು ಅರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ಮಕ್ಕಳ ತೂಕ ಇಳಿಯುವುದು ಸಹಜ. ನಿಮ್ಮ ಮಗಳದು ಸುಮಾರು ಶೇಕಡ 7ರಷ್ಟು ಇಳಿದಿತ್ತು, ಅದು ಗಾಬರಿಪಡುವಷ್ಟಲ್ಲ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ತಕ್ಕಡಿಯಲ್ಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ಮಗುವನ್ನು ನೋಡಬೇಕೆಂಬ ಕ್ರಮವಿದೆ. ನೀವು ತವರಿಗೆ ಬಂದದ್ದು ಅಲ್ಲಿನ ಆಶಾ ಅವರಿಗೆ ತಿಳಿದಿರಲಿಕ್ಕಿಲ್ಲ. ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಯಾರನ್ನಾದರೂ ಕಳುಹಿಸಿ ತಿಳಿಸಿ.

ಇನ್ನು ಅಳುವಿನ ಮಾತು. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ ಅವರು 80 ಶಿಶುಗಳ ತಾಯಂದಿರಿಂದ ಪ್ರತಿದಿನದ ಅಳುವಿನ ದಾಖಲೆ ಬರೆಸಿ 1962ರಲ್ಲಿ ಪ್ರಕಟಿಸಿದರು. ಅವೆಲ್ಲ ಆರೋಗ್ಯವಂತ ಮಕ್ಕಳು. ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆಯಿದ್ದ ಅಳು ಆರನೆಯ ವಾರಕ್ಕೆ ಎರಡೂಮುಕ್ಕಾಲು ಗಂಟೆಗೆ ಏರಿ, ಹನ್ನೆರಡನೆಯ ವಾರಕ್ಕೆ ಒಂದು ಗಂಟೆಗೂ ಕಡಿಮೆಯಾಗಿತ್ತು. ಹೆಚ್ಚಿನ ಅಳು ಇದ್ದದ್ದು ಸಂಜೆಯ ಹೊತ್ತಿನಲ್ಲಿ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಹೀಗೆ ಮೂರು ವಾರ ಮುಂದುವರಿದರೆ ಅದನ್ನು ಕೋಲಿಕ್ ಎಂದು ಕರೆಯುವ ವಾಡಿಕೆ 1954ರಿಂದ ಇದೆ. ನಿಮ್ಮ ಮಗಳ ಅಳು ಇನ್ನೂ ಏರುವ ದಾರಿಯಲ್ಲಿದೆ. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಮುಂದಿನ ಎರಡು ಮೂರು ವಾರ ಅಳು ಹೆಚ್ಚಾದರೆ ನೀವು ಏನೋ ತಪ್ಪು ಮಾಡಿದಿರೆಂದು ತಿಳಿಯಬಾರದು ಎಂಬ ಕಾರಣಕ್ಕೆ ಮೊದಲೇ ಹೇಳುತ್ತಿದ್ದೇನೆ.

ಹಸುವಿನ ಹಾಲನ್ನು ದಯವಿಟ್ಟು ನಿಲ್ಲಿಸಿ. ಅದರಲ್ಲಿನ ಪ್ರೋಟೀನು ಮತ್ತು ಲವಣಗಳ ಪ್ರಮಾಣ ಇಷ್ಟು ಚಿಕ್ಕ ಮಗುವಿನ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ, ನೀರು ಬೆರೆಸಿದರೆ ಪೋಷಣೆ ತಗ್ಗುತ್ತದೆ. ನಿನ್ನೆ ಅವಳು ಮಲಗಿದ್ದಕ್ಕೆ ನಾಲ್ಕು ಗಂಟೆ ಅತ್ತ ದಣಿವೂ, ನಿಧಾನವಾಗಿ ಜೀರ್ಣವಾಗುವ ಆ ಹಾಲೂ ಕಾರಣವಾಗಿರಬಹುದು. ಎದೆಹಾಲು ಸಾಲದೆಂಬುದಕ್ಕೆ ಅದು ಸಾಕ್ಷಿಯಲ್ಲ. ಒಂದು ದಿನ ಕೊಟ್ಟದ್ದಕ್ಕೆ ಕೊರಗಬೇಡಿ. ಪಕ್ಕದ ಮನೆಯವರು ತಂದ ಔಷಧಿಯ ಪೆಟ್ಟಿಗೆಯ ಮೇಲೆ ಡೈಸೈಕ್ಲೊಮಿನ್ ಎಂಬ ಹೆಸರಿದೆಯೇ ನೋಡಿ. ಆರು ತಿಂಗಳೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು. ಉಸಿರಾಟಕ್ಕೆ ತೊಂದರೆಯಾದ ಪ್ರಸಂಗಗಳಿವೆ. ಗುಟ್ಟಿಯ ವಿಷಯದಲ್ಲಿ ಅತ್ತೆಯವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ, ಆದರೆ ತೇಯುವ ಕಲ್ಲು, ಕೈ, ನೀರು ಇವುಗಳಿಂದ ಸೋಂಕು ತಗಲಬಹುದು. ಜೇನುತುಪ್ಪ ಬೆರೆಸಿದರಂತೂ ವರ್ಷದೊಳಗಿನ ಮಗುವಿಗೆ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರುವ ಸಾಧ್ಯತೆಯಿದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ನೀರೂ ಇಲ್ಲ, ಗುಟ್ಟಿಯೂ ಇಲ್ಲ.

ಎರಡು ನಿಮಿಷ ಚೀಪಿ ಬಿಡುತ್ತಾಳೆ ಎಂದಿರಿ. ಹಾಲು ಕುಡಿಸುವಾಗ ಅವಳ ಬಾಯನ್ನು ಹತ್ತಿರದಿಂದ ನೋಡಿ: ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ನಿಮ್ಮ ಎದೆಗೆ ಒತ್ತಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಮೇಲೆ ಹೆಚ್ಚಾಗಿ ಕಾಣಬೇಕು. ಬರೀ ತೊಟ್ಟನ್ನು ಹಿಡಿದಿದ್ದರೆ ನಿಮಗೆ ನೋವು, ಅವಳಿಗೆ ಹಾಲು ಕಡಿಮೆ. ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗ್ಗುಲಾಗಿ ಮಲಗಿ, ಅಥವಾ ಮಗುವನ್ನು ಕಂಕುಳಡಿ ದಿಂಬಿನ ಮೇಲೆ ಇರಿಸಿಕೊಂಡು ಕುಡಿಸಿ. ಸಂಜೆ ಅರ್ಧ ಗಂಟೆಗೊಮ್ಮೆ ಕೇಳಿದರೂ ಕೊಡಿ. ಈ ವಯಸ್ಸಿನಲ್ಲಿ ಅನೇಕ ಮಕ್ಕಳು ಸಂಜೆ ಹಾಗೆಯೇ ಗುಟುಕು ಗುಟುಕಾಗಿ ಕುಡಿಯುತ್ತವೆ.

ಆದರೆ ಎಲ್ಲ ಅಳುವೂ ಇದೇ ಅಲ್ಲ. ಮೈ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯಿದ್ದರೆ, ಮುಟ್ಟಿದರೆ ತಣ್ಣಗಿದ್ದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ, ಹಸಿರು ಬಣ್ಣದ ವಾಂತಿಯಾದರೆ, ಉಸಿರು ನಿಮಿಷಕ್ಕೆ 60 ದಾಟಿದರೆ ಅಥವಾ ಉಸಿರೆಳೆದಾಗ ಎದೆ ಗುಳಿಬಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಿ. ಎಂದಿಲ್ಲದಂತೆ ಮೂತ್ರ ಕಡಿಮೆಯಾದರೂ ಅಷ್ಟೇ.

ಉತ್ತರ 3: ಉಡುಪಿಯಿಂದ ಒಬ್ಬ ಅಜ್ಜಿ

ಮಗಳೇ, ಹಿರಿಯರು ಮಾಡುವುದೆಲ್ಲವನ್ನೂ ದೂರವಿಡಬೇಕಾಗಿಲ್ಲ. ನನ್ನ ಮೊಮ್ಮಗನಿಗೆ ಬೆಳಗಿನ ಎಣ್ಣೆನೀರನ್ನು ಸಂಜೆ ಐದು ಗಂಟೆಗೆ ಬದಲಾಯಿಸಿದೆ. ಉಗುರುಬೆಚ್ಚಗಿನ ತೆಂಗಿನೆಣ್ಣೆಯಿಂದ ಹೊಟ್ಟೆಯನ್ನು ಮೆಲ್ಲಗೆ ಸುತ್ತು ಸುತ್ತಾಗಿ ನೀವಿ, ನೀರು ಹಾಕಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಎದೆಗೊರಗಿಸಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದೆ. ಅಳು ಪೂರ್ತಿ ನಿಲ್ಲಲಿಲ್ಲ, ಆದರೆ ತಗ್ಗಿತು. ಕಿವಿಗೂ ಮೂಗಿಗೂ ಎಣ್ಣೆ ಬಿಡಬೇಡಿ. ಸಾಂಬ್ರಾಣಿ ಹೊಗೆಯಿಂದ ಮಗುವಿಗೆ ಉಸಿರು ಕಟ್ಟುತ್ತದೆ, ಅದೂ ಬೇಡ. ಮಲಗಿದ ಮೇಲೆ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ.

ಉತ್ತರ 4: ಬೆಳಗಾವಿಯಿಂದ ಒಬ್ಬ ತಂದೆ

ಸಹೋದರಿ, ನಿಮ್ಮ ಬರಹದಲ್ಲಿ ಮಗುವಿನ ತಂದೆಯ ಮಾತು ಎಲ್ಲಿಯೂ ಬರಲಿಲ್ಲ. ಅವರು ಕೆಲಸದ ಊರಿನಲ್ಲಿರಬಹುದು. ನನ್ನ ಪತ್ನಿಯ ಬಾಣಂತನವೂ ತವರಿನಲ್ಲಾಯಿತು, ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗಿ ಅಳುತ್ತಿದ್ದುದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ. ಹೆರಿಗೆಯಾದ ಮೊದಲ ಎರಡು ವಾರ ಮನಸ್ಸು ಕದಡುವುದು ಸಾಮಾನ್ಯವಂತೆ; ಅದನ್ನು ದಾಟಿಯೂ ಅಳು, ನಿದ್ದೆಯಿಲ್ಲದಿರುವುದು, ಮಗುವಿನ ಮೇಲೂ ಮನಸ್ಸಿಲ್ಲದಿರುವುದು ಮುಂದುವರಿದರೆ ಅದಕ್ಕೆ ಚಿಕಿತ್ಸೆ ಬೇಕು ಎಂದು ವೈದ್ಯರು ನಮಗೆ ತಿಳಿಸಿದರು. ನಿಮಗೆ 24 ದಿನವಾಗಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗವೇ ಇದೆ.

ರಾತ್ರಿ ತಾಳ್ಮೆ ಕೆಡುವಂತಾದರೆ ಮಗುವನ್ನು ಹಾಸಿಗೆಯಲ್ಲಿ ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲಿ. ಅಳು ನಿಲ್ಲಿಸಲೆಂದು ಮಗುವನ್ನು ಕುಲುಕಾಡಿಸುವುದು ಮಾತ್ರ ಯಾರ ಕೈಯಿಂದಲೂ ಆಗಬಾರದು, ಮೆದುಳಿಗೆ ಪೆಟ್ಟಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಐದು ದಿನಗಳ ನಂತರ

ಎಲ್ಲರಿಗೂ ಕೈಮುಗಿದು ವಂದಿಸುತ್ತೇನೆ. ಅಮ್ಮ ಹೋಗಿ ತಿಳಿಸಿದ ಮೇಲೆ ಆಶಾ ಅಕ್ಕ ನಿನ್ನೆ, 28ನೆಯ ದಿನ, ತಕ್ಕಡಿ ತಂದಿದ್ದರು. ಬಟ್ಟೆ ಬಿಚ್ಚಿ ಜೋಲಿಯಲ್ಲಿ ಮಲಗಿಸಿ ಮೇಲೆತ್ತಿದಾಗ ನಾನು ಉಸಿರು ಹಿಡಿದು ನಿಂತಿದ್ದೆ. 3 ಕಿಲೋ 250 ಗ್ರಾಂ. ಆಸ್ಪತ್ರೆಯಿಂದ ಬಂದ 23 ದಿನಗಳಲ್ಲಿ 650 ಗ್ರಾಂ ಏರಿದೆ, ಅಂದರೆ ದಿನಕ್ಕೆ ಸುಮಾರು 28 ಗ್ರಾಂ. ಅಕ್ಕ ಅದನ್ನು ತಾಯಿ ಕಾರ್ಡಿನಲ್ಲಿ ಬರೆಯುವಾಗ ದೊಡ್ಡಮ್ಮ ಪಕ್ಕದಲ್ಲಿಯೇ ಕುಳಿತು ನೋಡಿದರು. ಹಸುವಿನ ಹಾಲಿನ ಮಾತು ಅಲ್ಲಿಗೆ ನಿಂತಿತು. ಪೆಟ್ಟಿಗೆಯ ಮೇಲೆ ಡೈಸೈಕ್ಲೊಮಿನ್ ಎಂದೇ ಇತ್ತು. ಪಕ್ಕದ ಮನೆಯವರಿಗೆ ವಿಷಯ ತಿಳಿಸಿ ಹಿಂದಿರುಗಿಸಿದ್ದೇವೆ, ಅವರಿಗೂ ಅದು ಗೊತ್ತಿರಲಿಲ್ಲ.

ಕಂಕುಳಡಿ ಇಟ್ಟುಕೊಂಡು ಕುಡಿಸಲು ಆಶಾ ಅಕ್ಕನೇ ಕೈ ಹಿಡಿದು ತೋರಿಸಿದರು. ಈಗ ಅವಳು ನುಂಗುವ ಸದ್ದು ನನಗೆ ಕೇಳಿಸುತ್ತದೆ. ನನ್ನ ಯಜಮಾನರು ನಾಲ್ಕು ದಿನ ರಜೆ ಹಾಕಿ ಬಂದಿದ್ದಾರೆ. ಒಂಬತ್ತರಿಂದ ಹನ್ನೊಂದರವರೆಗೆ ಮಗಳು ಅವರ ಹೆಗಲ ಮೇಲಿರುತ್ತಾಳೆ, ನಾನು ಆ ಹೊತ್ತಿನಲ್ಲಿ ಮಲಗುತ್ತೇನೆ. 14416ಕ್ಕೂ ಒಮ್ಮೆ ಕರೆ ಮಾಡಿ ಮಾತನಾಡಿದೆ, ಮುಂದಿನ ವಾರ ಮತ್ತೆ ಮಾಡುತ್ತೇನೆ.

ಅಳು ನಿಂತಿಲ್ಲ. ನಿನ್ನೆಯೂ ಹತ್ತು ನಲವತ್ತರವರೆಗೆ ಅತ್ತಳು. ಅಷ್ಟರಲ್ಲಿ ಕ್ಯಾಲೆಂಡರಿನ ಚೌಕದಲ್ಲಿ ಒಂಬತ್ತು ಗೆರೆಗಳಿದ್ದವು. ಒಂಬತ್ತನೆಯದನ್ನು ಕನ್ನಡಕ ಹಾಕಿಕೊಂಡು ಎಳೆದವರು ದೊಡ್ಡಮ್ಮ.